ಗುಡುಗು ಡ್ರಮ್ಮಿನೊಳಗೆ ಬಿದ್ದ ಸಂಗತಿ

ವೇದಿಕೆಯ ಮೇಲೆ ಆಸೀನರಾಗಿರುವ ಸಭಾಧ್ಯಕ್ಷರೇ, ಮುಖ್ಯ ಅತಿಥಿಗಳೇ, ನಮ್ಮ ಮುಖ್ಯೋಪಾಧ್ಯಾಯಿನಿಯವರೇ, ಸಹೋದ್ಯೋಗಿಗಳೇ, ಮುಂದಿನ ಸಾಲುಗಳಲ್ಲಿ ಕುಳಿತಿರುವ ತಾಯಂದಿರೇ, ಬಾಗಿಲ ಹತ್ತಿರವೇ ಜಾಗ ನೋಡಿಕೊಂಡು ಕುಳಿತಿರುವ ತಂದೆಯಂದಿರೇ, ಪರದೆಯ ಹಿಂದಿನಿಂದ ಇಣುಕುತ್ತಿರುವ ನನ್ನ ಬ್ಯಾಂಡಿನ ಹುಡುಗಿಯರೇ, ಮತ್ತು ಆತ್ಮೀಯ ಸಭಿಕರೇ,

ವಾರ್ಷಿಕೋತ್ಸವದ ಈ ಸಂಜೆ ನನಗೆ ಕೊಟ್ಟಿರುವ ವಿಷಯ ‘ಹದಿಹರೆಯದ ಹೆಣ್ಣುಮಕ್ಕಳ ಆಹಾರ ಪದ್ಧತಿ ಮತ್ತು ಅವರ ಪೌಷ್ಟಿಕ ಆರೋಗ್ಯ’. ಈ ವಿಷಯದ ಮೇಲೆ ಮಾತಾಡಲು ಇವರಿಗೇನು ಅರ್ಹತೆ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿದೆ. ನಾನು ವೈದ್ಯೆಯಲ್ಲ, ವಿಜ್ಞಾನ ಶಿಕ್ಷಕಿಯಲ್ಲ, ಅಡುಗೆಯ ಮಾತು ಬಂದರೆ ನಮ್ಮ ಮನೆಯಲ್ಲಿ ಯಾರೂ ನನ್ನ ಹೆಸರು ಎತ್ತುವುದಿಲ್ಲ. ನಾನು ಈ ಶಾಲೆಯಲ್ಲಿ ಬ್ಯಾಂಡ್ ಕಲಿಸುವವಳು. ಮಕ್ಕಳ ಕೈಗೆ ತುತ್ತೂರಿ ಕೊಟ್ಟು ಅಕ್ಕಪಕ್ಕದ ಮನೆಯವರ ನಿದ್ದೆ ಕೆಡಿಸುವುದೇ ನನ್ನ ಉದ್ಯೋಗ.

ಅದಕ್ಕೆ ಮುಖ್ಯೋಪಾಧ್ಯಾಯಿನಿಯವರು ಹೇಳಿದರು: “ಡ್ರಮ್ಮಿನ ವಿಷಯ ಊರೆಲ್ಲ ಮಾತಾಡ್ತಿದೆ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಡೆದದ್ದನ್ನ ನೀವೇ ನಿಂತು ಹೇಳಿಬಿಡಿ. ಆಹಾರದ ವಿಷಯ ಅದರಲ್ಲೇ ಬಂದುಹೋಗುತ್ತೆ.”

ಊರು ಏನು ಹೇಳುತ್ತಿದೆ? ಶಾಲೆಯ ಡ್ರಮ್ಮು ಸಿಡಿಯಿತು ಎನ್ನುತ್ತಿದೆ. ಇದು ಸುಳ್ಳು. ಡ್ರಮ್ಮು ಒಬ್ಬ ಹುಡುಗಿಯನ್ನು ನುಂಗಿತು ಎನ್ನುತ್ತಿದೆ. ಇದು ಅರ್ಧ ನಿಜ, ಅಂದರೆ ಸೊಂಟದವರೆಗೆ ಮಾತ್ರ ನಿಜ. ಆ ಶಾಲೆಯವರು ಹುಡುಗಿಯರನ್ನು ಉಪವಾಸ ಕೆಡವುತ್ತಾರೆ ಎಂದೂ ಹೇಳುತ್ತಿದೆ. ಉತ್ತರ ಕೊಡಬೇಕಾದ್ದು ಇದಕ್ಕೇ. ಯಾಕೆಂದರೆ ಆ ಹುಡುಗಿಯರು ಉಪವಾಸ ಇದ್ದದ್ದು ನಿಜ, ಕೆಡವಿದವರು ಮಾತ್ರ ನಾವಲ್ಲ.

ವಿಜ್ಞಾನ ಶಿಕ್ಷಕಿಯವರು ಪ್ರೀತಿಯಿಂದ ಒಂದು ಪುಟ ಬರೆದುಕೊಟ್ಟಿದ್ದಾರೆ. ಅದರಲ್ಲಿ ಕಬ್ಬಿಣ ಇದೆ, ಸುಣ್ಣದಂಶ ಇದೆ, ಪ್ರೋಟೀನು ಇದೆ, ವಿಟಮಿನ್ನುಗಳು ಇವೆ. ಓದುತ್ತಾ ಹೋದರೆ ಇದು ಹುಡುಗಿಯ ವಿಷಯವೋ, ಕಟ್ಟುತ್ತಿರುವ ಮನೆಯ ವಿಷಯವೋ ಎಂದು ಅನುಮಾನ ಬರುತ್ತದೆ. ಆದರೆ ಆಮೇಲೆ ಯೋಚಿಸಿದೆ, ಅವರು ಹೇಳಿರುವುದೂ ಅದನ್ನೇ. ಎತ್ತರ ಏರುವುದು ಈ ವಯಸ್ಸಿನಲ್ಲಿ, ಮೂಳೆ ಗಟ್ಟಿಯಾಗುವುದು ಈ ವಯಸ್ಸಿನಲ್ಲಿ, ತಿಂಗಳು ತಿಂಗಳು ರಕ್ತ ಕಳೆದುಕೊಳ್ಳಲು ಶುರುವಾಗುವುದೂ ಈ ವಯಸ್ಸಿನಲ್ಲೇ. ಗೋಡೆ ಏಳುತ್ತಿರುವಾಗಲೇ ಇಟ್ಟಿಗೆ ತರುವುದು ನಿಲ್ಲಿಸಿದರೆ ಏನಾಗುತ್ತದೆ? ನಮ್ಮ ಬ್ಯಾಂಡಿನಲ್ಲಿ ಆದದ್ದು ಆಗುತ್ತದೆ. ಹಾಗಾಗಿ ಈ ಪುಟವನ್ನು ಮಡಚಿ ಇಟ್ಟು, ಬ್ಯಾಂಡಿನ ಕಥೆ ಹೇಳುತ್ತೇನೆ.

ನಮ್ಮ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಹೊರುವ ಹುಡುಗಿಯೊಬ್ಬಳಿದ್ದಾಳೆ. ಅವಳನ್ನು ನಾವೆಲ್ಲ ಗುಡುಗು ಎಂದು ಕರೆಯುತ್ತೇವೆ. ಮೊದಲ ದಿನ ಬ್ಯಾಂಡ್ ಕೋಣೆಗೆ ಬಂದು, ಇದನ್ನೊಂದು ಸಲ ಬಾರಿಸಲಾ ಮೇಡಂ ಎಂದು ಕೇಳಿ ಬಾರಿಸಿದಳು. ಪಕ್ಕದ ಕೋಣೆಯಲ್ಲಿ ಭೂಗೋಳದ ಮೇಷ್ಟ್ರು ಭೂಕಂಪವೆಂದು ಮಕ್ಕಳನ್ನೆಲ್ಲ ಮೇಜಿನ ಕೆಳಗೆ ಕೂರಿಸಿದರು. ಅವತ್ತಿನಿಂದ ಅವಳು ಗುಡುಗು. ಇವತ್ತು ಅವಳ ಕಥೆ ಹೇಳಲು ನಾನು ಅವಳನ್ನು ಕೇಳಿಯೇ ಬಂದಿದ್ದೇನೆ. “ಹೇಳಿ ಮೇಡಂ, ಆದರೆ ಕಾಲು ಒದೀತಿದ್ದೆ ಅನ್ನೋದನ್ನ ಹೇಳಬೇಡಿ” ಅಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಇನ್ನು ಕೋಟಿನ ವಿಷಯ. ನಮ್ಮ ಬ್ಯಾಂಡಿಗೆ ಹೊಸ ಕೋಟು ಬೇಕು ಎಂದು ಕೇಳಿದ್ದೆವು. ಕೆಂಪು ಬಟ್ಟೆ, ಹೊಳೆಯುವ ಹಿತ್ತಾಳೆ ಗುಂಡಿ, ಭುಜದ ಮೇಲೆ ಕುಚ್ಚು. ಅಳತೆ ತೆಗೆದದ್ದೂ ಆಯಿತು. ಬಟ್ಟೆಗೆ ಒಪ್ಪಿಗೆ ಸಿಗುವಷ್ಟರಲ್ಲಿ ವರ್ಷ ಕಳೆಯಿತು. ಅಧ್ಯಕ್ಷರು ನನ್ನ ಕಡೆ ನೋಡುತ್ತಿದ್ದಾರೆ. ನಾನು ಯಾರ ಮೇಲೂ ದೂರು ಹೇಳುತ್ತಿಲ್ಲ ಸ್ವಾಮಿ, ವರ್ಷ ತನ್ನಷ್ಟಕ್ಕೆ ತಾನೇ ಕಳೆಯಿತು.

ಆ ಕೋಟುಗಳನ್ನು ಹೊಲಿದ ದರ್ಜಿ ಯಾರು ಎಂದು ಊರಿಗೆಲ್ಲ ಗೊತ್ತು. ನನ್ನ ಯಜಮಾನರು. ಅದೋ, ಐದನೇ ಸಾಲಿನಲ್ಲಿ ಕಂಬದ ಮರೆಗೆ ಸರಿಯುತ್ತಿದ್ದಾರಲ್ಲ, ಅವರೇ.

ಅವರ ಬಗ್ಗೆ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ನಾನು ಈ ಊರಿನ ಬ್ಯಾಂಡಿನಲ್ಲಿ ತುತ್ತೂರಿ ಊದಿದ ಮೊದಲ ಹೆಂಗಸು. ನನ್ನ ಮೊದಲ ಕೋಟಿಗೆ ಅಳತೆ ಕೊಡಲು ಅವರ ಅಂಗಡಿಗೆ ಹೋಗಿದ್ದೆ. ಅವರು ಟೇಪು ಸುತ್ತಿ, ಬಹಳ ಗಂಭೀರವಾಗಿ, “ಉಸಿರು ಬಿಡಿ” ಅಂದರು. ಬಿಟ್ಟೆ. “ಇನ್ನೂ ಬಿಡಿ” ಅಂದರು. ಇನ್ನೂ ಬಿಟ್ಟೆ. ಕಣ್ಣು ಕತ್ತಲೆ ಬಂತು. ಆಗ ಅವರು ತುಂಬ ಚೆಲುವಾಗಿ ಕಂಡರು, ಮದುವೆಯಾದೆ.

ನಗಬೇಡಿ. ನಿಮ್ಮಲ್ಲಿ ಎಷ್ಟು ಜನ ಇದಕ್ಕಿಂತ ಒಳ್ಳೆಯ ಕಾರಣಕ್ಕೆ ಮದುವೆಯಾಗಿದ್ದೀರಿ?

ಅವರದು ಒಂದು ಸಿದ್ಧಾಂತ. ಮನುಷ್ಯ ಉಸಿರು ಪೂರ್ತಿ ಬಿಟ್ಟಾಗ ಎಷ್ಟಿರುತ್ತಾನೋ ಅದೇ ಅವನ ನಿಜವಾದ ಅಳತೆ, ಮಿಕ್ಕಿದ್ದೆಲ್ಲ ಗಾಳಿ. ಇನ್ನೊಂದು ಸಿದ್ಧಾಂತ, ಒಮ್ಮೆ ತೆಗೆದ ಅಳತೆ ಕೊಟ್ಟ ಮಾತಿದ್ದ ಹಾಗೆ, ಬದಲಾಯಿಸಬಾರದು. ಹಾಗಾಗಿ ಅವರು ಹೋದ ವರ್ಷದ ಹುಡುಗಿಯರಿಗೆ, ಅದೂ ಉಸಿರು ಬಿಟ್ಟ ಹುಡುಗಿಯರಿಗೆ, ಈ ವರ್ಷ ಕೋಟು ಹೊಲಿದು ತಂದರು. ಹೊಲಿಗೆ ಎಷ್ಟು ಚೆನ್ನಾಗಿತ್ತು ಅಂದರೆ, ಒಂದು ಎಳೆ ಆಚೀಚೆ ಇರಲಿಲ್ಲ. ಆಚೀಚೆ ಹೋಗಲು ಜಾಗವೇ ಇರಲಿಲ್ಲ.

ಕೋಟು ಬಂದ ದಿನ ಬ್ಯಾಂಡ್ ಕೋಣೆಯಲ್ಲಿ ಏನಾಯಿತು ಎಂಬುದನ್ನು ನಿಧಾನವಾಗಿ ಹೇಳುತ್ತೇನೆ, ದಯವಿಟ್ಟು ತಾಯಂದಿರು ಕೇಳಿಸಿಕೊಳ್ಳಬೇಕು. ಹುಡುಗಿಯರು ಖುಷಿಯಾಗಿ ಹಾಕಿಕೊಂಡರು. ತೋಳು ಮೊಣಕೈ ದಾಟಿ ಅಲ್ಲೇ ನಿಂತಿತು. ಗುಂಡಿ ಈ ಕಡೆ, ಕಾಜ ಆ ಕಡೆ, ಮಧ್ಯೆ ಒಂದು ರಸ್ತೆಯಷ್ಟು ದೂರ. ಗಂಡುಹುಡುಗರಿಗೆ ಹೀಗಾಗಿದ್ದರೆ ಏನೆನ್ನುತ್ತಿದ್ದರು? ಏನ್ರೀ ಇದು, ಕೋಟು ಚಿಕ್ಕದು ಅನ್ನುತ್ತಿದ್ದರು. ನಮ್ಮ ಹುಡುಗಿಯರಲ್ಲಿ ಒಬ್ಬಳೂ ಹಾಗನ್ನಲಿಲ್ಲ. ಒಬ್ಬೊಬ್ಬಳೇ ಕಿಟಕಿ ಗಾಜಿನಲ್ಲಿ ತನ್ನನ್ನು ನೋಡಿಕೊಂಡಳು. ಕೊಳಲಿನ ಹುಡುಗಿ, ಗಾಳಿ ಬೀಸಿದರೆ ಹಿಡಿದುಕೊಳ್ಳಬೇಕಾದಂಥ ಹುಡುಗಿ, ಮೆಲ್ಲಗೆ “ನಾನು ದಪ್ಪ ಆಗ್ಬಿಟ್ಟಿದೀನಿ” ಅಂದಳು. ಅವಳ ಹಿಂದೆ ಇನ್ನೊಬ್ಬಳು, ಇನ್ನೊಬ್ಬಳು. ಗುಡುಗು ಕೋಟು ಬಿಚ್ಚಿ, ಮಡಚಿ, ಚೀಲದೊಳಗಿಟ್ಟಳು.

ನಾನು ಮನೆಗೆ ಹೋಗಿ ಹೇಳಿದೆ, “ಕೋಟು ಯಾರಿಗೂ ಆಗ್ತಿಲ್ಲ.”

“ನನ್ನ ಅಳತೆ ತಪ್ಪಿಲ್ಲ” ಅಂದರು.

“ತಪ್ಪಿದೆ ಅಂತ ಯಾರು ಹೇಳಿದರು? ಆಗ್ತಿಲ್ಲ ಅಂದೆ.”

“ಹಾಗಾದರೆ ಹುಡುಗಿಯರು ತಪ್ಪಿದ್ದಾರೆ” ಅಂದು ದೀಪ ಆರಿಸಿದರು. ಕ್ರೀಡಾಕೂಟದ ಉದ್ಘಾಟನೆಗೆ ಎರಡು ವಾರ ಇತ್ತು. ಅಷ್ಟರಲ್ಲಿ ಇವರ ಮನಸ್ಸು ಬದಲಾಗುತ್ತದೆ ಎಂದುಕೊಂಡೆ. ಇವರ ಮನಸ್ಸು ಬದಲಾಗಲಿಲ್ಲ, ಹುಡುಗಿಯರು ಬದಲಾಗತೊಡಗಿದರು.

ಈ ಎರಡು ವಾರ ನಮ್ಮ ಹುಡುಗಿಯರ ಆಹಾರ ಪದ್ಧತಿ ಹೇಗಿತ್ತು? ವಿಷಯಕ್ಕೆ ಬಂದಿದ್ದೇನೆ, ಮುಖ್ಯೋಪಾಧ್ಯಾಯಿನಿಯವರು ಗಮನಿಸಬೇಕು. ಬೆಳಗಿನ ತಿಂಡಿಯನ್ನು ಎಲ್ಲರೂ ಒಟ್ಟಿಗೆ ಕೈಬಿಟ್ಟರು. ಮನೆಯಲ್ಲಿ “ಶಾಲೆಯಲ್ಲಿ ತಿಂತೀನಿ” ಅಂದರು, ಶಾಲೆಯಲ್ಲಿ “ಮನೆಯಲ್ಲಿ ತಿಂದೆ” ಅಂದರು. ಒಬ್ಬಳು ಬರೀ ನಿಂಬೆರಸ ಕುಡಿದಳು, ಅವಳ ಮುಖ ನೋಡಿದವರಿಗೂ ಹುಳಿಯಾಯಿತು. ಒಬ್ಬಳು ದಿನವಿಡೀ ಏನೂ ತಿನ್ನದೆ ಇದ್ದು, ಸಂಜೆ ತಡೆಯಲಾರದೆ ಒಂದು ದೊಡ್ಡ ಪೊಟ್ಟಣ ಚಿಪ್ಸು ತಿಂದು, ಅದಕ್ಕಾಗಿ ಅತ್ತು, ಮರುದಿನ ಮತ್ತೆ ಏನೂ ತಿನ್ನಲಿಲ್ಲ. ಕೊಳಲಿನ ಹುಡುಗಿ ಎಲ್ಲೋ ಓದಿದ್ದಳಂತೆ, ಒಂದು ತುತ್ತನ್ನು ಬಹಳ ಹೊತ್ತು ಅಗಿದರೆ ಹೊಟ್ಟೆ ತುಂಬುತ್ತದೆ ಎಂದು. ಅವಳು ಸೌತೆಕಾಯಿಯ ಒಂದು ಹೋಳನ್ನು ಗಣಿತದ ತರಗತಿಯಲ್ಲಿ ಶುರುಮಾಡಿ ಇತಿಹಾಸದ ತರಗತಿಯಲ್ಲಿ ಮುಗಿಸುತ್ತಿದ್ದಳು.

ತಂದ ಡಬ್ಬಿಗಳೆಲ್ಲ ಎಲ್ಲಿ ಹೋದವು? ನಮ್ಮ ಶಾಲೆಯ ಬೆಕ್ಕಿಗೆ ಹೋದವು. ಆ ಎರಡು ವಾರದಲ್ಲಿ ಪೌಷ್ಟಿಕ ಆರೋಗ್ಯ ಸುಧಾರಿಸಿದ ಏಕೈಕ ಜೀವಿ ಅದು. ಮೊಟ್ಟೆ, ಬೆಣ್ಣೆ ಸವರಿದ ಬ್ರೆಡ್ಡು, ಬೇಯಿಸಿದ ಕಾಳು, ಹಾಲು, ಅದಕ್ಕೆ ಏನು ಕಡಿಮೆ? ಮುಖ್ಯೋಪಾಧ್ಯಾಯಿನಿಯವರ ಕಿಟಕಿ ಸರಳಿನ ಸಂದಿಯಲ್ಲಿ ದಿನವೂ ನುಸುಳಿ ಬರುತ್ತಿದ್ದ ಬೆಕ್ಕು ಒಂದು ದಿನ ಮಧ್ಯದಲ್ಲಿ ಸಿಕ್ಕಿಕೊಂಡಿತು. ಪಾಪ, ಬಸುರಿಯಿರಬೇಕು ಎಂದು ಅವರು ಒಂದು ಪೆಟ್ಟಿಗೆಯಲ್ಲಿ ಹಳೆಯ ಶಾಲು ಹಾಸಿ, ಮರಿಗಳಿಗಾಗಿ ಕಾದರು. ತುಂಬ ದಿನ ಕಾದರು. ಆಮೇಲೆ ಅದು ಗಂಡು ಬೆಕ್ಕು ಎಂದು ಜವಾನ ಹೇಳಬೇಕಾಯಿತು.

ನನಗೆ ಏನೋ ಸರಿಯಿಲ್ಲ ಎಂದು ಗೊತ್ತಾದದ್ದು ಕಿವಿಯಿಂದ. ನಾನು ಬ್ಯಾಂಡಿನವಳು, ಕಣ್ಣಿಗಿಂತ ಕಿವಿ ಚುರುಕು. ಗುಡುಗಿನ ಡ್ರಮ್ಮು ಮೊದಲು ಧಡಂ ಅನ್ನುತ್ತಿತ್ತು. ಒಂದು ವಾರದಲ್ಲಿ ಧಪ್ ಅನ್ನತೊಡಗಿತು. ಚರ್ಮ ಸಡಿಲವಾಗಿದೆ ಎಂದು ಬಿಗಿ ಮಾಡಿದೆ. ಮರುದಿನ ತಪ್ ಅಂದಿತು. ಮತ್ತೂ ಬಿಗಿ ಮಾಡಿದೆ. ಕೈ ನೋಡಬೇಕಾದವಳು ಡ್ರಮ್ಮು ನೋಡುತ್ತಿದ್ದೆ. “ತಿಂಡಿ ತಿಂದ್ಯಾ?” ಎಂದು ಒಮ್ಮೆ ಕೇಳಿದೆ. “ಆಯ್ತು ಮೇಡಂ” ಅಂದಳು. ಅವಳ ತಾಯಿ ಬೇಕರಿ ನಡೆಸುತ್ತಾರೆ. ಬ್ರೆಡ್ಡಿನ ವಾಸನೆಯಲ್ಲೇ ಎದ್ದು ಬ್ರೆಡ್ಡಿನ ವಾಸನೆಯಲ್ಲೇ ಮಲಗುವ ಹುಡುಗಿ ಹಸಿದಿರುತ್ತಾಳೆ ಎಂದು ಯಾರಿಗೆ ಹೊಳೆಯುತ್ತದೆ? ಅವಳು ಬರೀ ಚಹಾ ಕುಡಿದು, ತಿಂಡಿ ತಿಂದವಳ ಹಾಗೆ ತಟ್ಟೆಯನ್ನು ತೊಳೆದಿಟ್ಟು ಬರುತ್ತಿದ್ದಳು.

ಉದ್ಘಾಟನೆಯ ದಿನ ಬಂತು. ಮೈದಾನದ ತುಂಬ ಜನ. ನಮ್ಮ ಹುಡುಗಿಯರು ಕೋಟು ತೊಟ್ಟು ಬಂದರು, ಗುಂಡಿಗಳು ಸೇರಿದ್ದವು. ಗೆದ್ದೆವು ಎಂಬ ಮುಖ. ನನ್ನ ಯಜಮಾನರು ಬೇಲಿಯ ಹತ್ತಿರ ನಿಂತು, “ನೋಡಿದ್ಯಾ, ಅಳತೆ ಸರಿಯಾಗೇ ಇದೆ” ಎಂದು ನನ್ನ ಕಡೆ ಕೈ ಮಾಡಿದರು.

ನಾನು ಕೋಲು ಎತ್ತಿದೆ. ತುತ್ತೂರಿಯವರು ಉಸಿರೆಳೆದುಕೊಂಡರು. ಎಳೆದುಕೊಳ್ಳಲು ಹೋದರು ಎಂದರೆ ಸರಿ, ಕೋಟಿನಲ್ಲಿ ಜಾಗ ಎಲ್ಲಿತ್ತು? ತುತ್ತೂರಿಗಳಿಂದ ಬಂದ ಸದ್ದು ಕೇಳಿ ಮೈದಾನದ ಆಚೆ ಮೇಯುತ್ತಿದ್ದ ಮೇಕೆಯೊಂದು ತಿರುಗಿ ಉತ್ತರ ಕೊಟ್ಟಿತು. ಅಷ್ಟರಲ್ಲಿ ಮೊದಲ ಗುಂಡಿ ಹಾರಿತು. ಅದು ತಾಳದ ತಟ್ಟೆಗೆ ಬಡಿದು ಟಿಂಗ್ ಅಂದಿತು, ಅದೂ ಸರಿಯಾದ ಲಯದಲ್ಲೇ. ಎರಡನೆಯದು ಮೈಕಿಗೆ ಬಡಿಯಿತು. ಗುಡುಗು ಮುಂದಿನ ಸಾಲಿನಲ್ಲಿ ಡ್ರಮ್ಮು ಹೊತ್ತು ನಡೆಯುತ್ತಿದ್ದಳು. ವೇದಿಕೆಯ ಎದುರು ಬಂದಾಗ ಅವಳ ಹೆಜ್ಜೆ ಒಂದು ಕಡೆಗೆ, ಡ್ರಮ್ಮು ಒಂದು ಕಡೆಗೆ ಹೋಯಿತು. ಪಟ್ಟಿ ಬಿಚ್ಚಿಕೊಂಡು ಡ್ರಮ್ಮು ನೆಲಕ್ಕೆ ಬಿತ್ತು. ಇವಳು ಅದನ್ನು ಹಿಡಿಯಲು ಬಗ್ಗಿದಳು, ಬಗ್ಗಿದವಳು ಹಾಗೇ ಹೋದಳು. ಚರ್ಮವನ್ನು ನಾನೇ ಅಷ್ಟು ಬಿಗಿ ಮಾಡಿದ್ದೆನಲ್ಲ, ಅದು ಹರಿಯಿತು. ಹುಡುಗಿ ತಲೆಯಿಂದ ಸೊಂಟದವರೆಗೆ ಡ್ರಮ್ಮಿನೊಳಗೆ, ಕಾಲು ಹೊರಗೆ. ಕಾಲು ಒದೆಯುತ್ತಿತ್ತು.

ಅಯ್ಯೋ, ಹೇಳುವುದಿಲ್ಲ ಎಂದಿದ್ದೆ. ಕ್ಷಮಿಸು ಮಗು.

ಮೈದಾನ ಸ್ವಲ್ಪ ಇಳಿಜಾರು. ಡ್ರಮ್ಮು ಉರುಳಿತು. ನಾನು ಅದರ ಹಿಂದೆ ಓಡಿದೆ. ನಾನು ಕೈ ತೋರಿಸದೆ ಬ್ಯಾಂಡು ನಿಲ್ಲಿಸಬಾರದು ಎಂದು ನಾನೇ ಕಲಿಸಿದ್ದೆ, ಹುಡುಗಿಯರು ಶಿಸ್ತಾಗಿ ಬಾರಿಸುತ್ತಲೇ ಇದ್ದರು. ಡ್ರಮ್ಮು ಹೋಗಿ ವೇದಿಕೆಯ ಮೆಟ್ಟಿಲಿಗೆ ತಾಗಿ ನಿಂತಿತು. ಅವತ್ತಿನ ಮುಖ್ಯ ಅತಿಥಿಗಳು ಇದು ಕಾರ್ಯಕ್ರಮದ ಭಾಗ ಎಂದು ತಿಳಿದು ಎದ್ದು ನಿಂತು ಸೆಲ್ಯೂಟ್ ಹೊಡೆದರು. ಜನ ಚಪ್ಪಾಳೆ ತಟ್ಟಿದರು.

ನಾನು ಅವಳನ್ನು ಹೊರಗೆಳೆದಾಗ ಅವಳ ಮುಖ ನೋಡಿದೆ. ಆಮೇಲೆ ನನಗೆ ಚಪ್ಪಾಳೆ ಕೇಳಿಸಲಿಲ್ಲ. ತುಟಿ ಬಿಳಿಚಿತ್ತು. ಕೈ ತಣ್ಣಗಿತ್ತು. ನರ್ಸ್ ಕೋಣೆಗೆ ಹೊತ್ತುಕೊಂಡು ಹೋದೆ. ಡ್ರಮ್ಮಿಗಿಂತ ಹಗುರ ಇದ್ದಳು. ನೀರು ಚಿಮುಕಿಸಿ, ಸಕ್ಕರೆ ನೀರು ಕುಡಿಸಿದ ಮೇಲೆ ಕಣ್ಣು ಬಿಟ್ಟಳು. ಅವಳ ಮೊದಲ ಮಾತು ಏನಿರಬಹುದು ಹೇಳಿ. “ಅಮ್ಮ” ಅನ್ನಲಿಲ್ಲ. “ಎಲ್ಲಿದೀನಿ” ಅನ್ನಲಿಲ್ಲ. “ಮೇಡಂ, ಕೋಟು ಹರೀತಾ?” ಅಂದಳು.



ನರ್ಸಮ್ಮನವರು ಬಹಳ ಕಟ್ಟುನಿಟ್ಟು. ಇಡೀ ಬ್ಯಾಂಡಿನ ರಕ್ತ ಪರೀಕ್ಷೆ ಆಗಲೇಬೇಕು ಅಂದರು. ಸೂಜಿ ನೋಡಿ ಹುಡುಗಿಯರು ಬಾಗಿಲ ಕಡೆ ಸರಿದರು. “ನೀವು ಮೊದಲು ಕೊಡಿ ಮೇಡಂ, ನಿಮ್ಮನ್ನ ನೋಡಿ ಅವರೂ ಕೊಡ್ತಾರೆ” ಎಂದು ನರ್ಸಮ್ಮ ನನ್ನನ್ನು ಕೂರಿಸಿದರು. ನಾನು ಧೈರ್ಯವಾಗಿ ಕೈ ಚಾಚಿದೆ. ಹುಡುಗಿಯರಿಗೆ ಮಾದರಿಯಾಗಬೇಕಲ್ಲ.

ಫಲಿತಾಂಶ ಅವತ್ತೇ ಬಂತು. ಅರ್ಧಕ್ಕಿಂತ ಹೆಚ್ಚು ಹುಡುಗಿಯರಿಗೆ ರಕ್ತ ಕಡಿಮೆ. ಎರಡು ವಾರದಲ್ಲಿ ಹೀಗಾಗುವುದಿಲ್ಲ, ಇದು ಮುಂಚಿನಿಂದಲೂ ಇದ್ದದ್ದು, ಈ ಉಪವಾಸ ಅದನ್ನು ಬಯಲು ಮಾಡಿತು ಎಂದು ನರ್ಸಮ್ಮ ಹೇಳಿದರು. ಗುಡುಗಿಗೆ ಬಹಳ ಕಡಿಮೆ. ಆದರೆ ಎಲ್ಲರಿಗಿಂತ ಕಡಿಮೆ ಯಾರದು ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ. ಅವರು ಹುಡುಗಿಯಲ್ಲ ಎಂದಷ್ಟೇ ಹೇಳುತ್ತೇನೆ. ವಯಸ್ಸಾದವರು. ಒಳ್ಳೆಯ ಗಂಟಲಿದೆ. ಮೈಕು ಸಿಕ್ಕಿದರೆ ಬಿಡುವವರಲ್ಲ.

ನರ್ಸಮ್ಮ ಅವರನ್ನು ಕೇಳಿದರು, “ರಾತ್ರಿ ಊಟಕ್ಕೆ ಏನು ತಗೋತೀರಿ?”

“ರಾತ್ರಿ ನನಗೆ ಹಸಿವಾಗಲ್ಲ” ಎಂದರು ಅವರು.

“ಯಾವಾಗಿಂದ?”

“ಮದುವೆ ಆದಾಗಿಂದ.”

ನರ್ಸಮ್ಮ ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದರು. ಅಲ್ಲಿಯವರೆಗೆ ಆ ಮಾತಿನಲ್ಲಿ ಏನೋ ಇದೆ ಎಂದು ಅವರಿಗೇ ಗೊತ್ತಿರಲಿಲ್ಲ. ಅಂದರೆ, ನನಗೆ ಗೊತ್ತಿರಲಿಲ್ಲ. ಇರಲಿ, ಇನ್ನು ಮುಚ್ಚಿಟ್ಟು ಏನು?

ಮಾರನೆಯ ಸಂಜೆ ನಾನು ಯಜಮಾನರ ಅಂಗಡಿಯಲ್ಲಿ ಕುಳಿತಿದ್ದೆ. ಚಿಕ್ಕ ಅಂಗಡಿ. ಒಂದು ಕನ್ನಡಿ, ಒಂದು ಹೊಲಿಗೆ ಯಂತ್ರ, ನೆಲದ ತುಂಬ ಬಟ್ಟೆ ಚೂರು, ಕಿಟಕಿ ಕಟ್ಟೆಯ ಮೇಲೆ ಅವರ ಚಹಾ. ಆಗ ಗುಡುಗಿನ ತಾಯಿ ಬಂದರು. ಮೊಣಕೈವರೆಗೆ ಹಿಟ್ಟು ಹಾಗೇ ಇತ್ತು. ಒಂದು ಕಂಕುಳಲ್ಲಿ ಹರಿದ ಕೋಟು, ಇನ್ನೊಂದು ಕಂಕುಳಲ್ಲಿ ಯಾರಿಗೋ ಕೊಡಬೇಕಾದ ಬ್ರೆಡ್ಡು. ಕೋಟನ್ನು ಮೇಜಿನ ಮೇಲೆ ಹಾಕಿದರು.

“ಇದು ನನ್ನ ಮಗಳಿಗೆ ಆಗಲ್ಲ.”

“ಅಳತೆ ಸರಿಯಾಗೇ ಇದೆಯಮ್ಮ” ಅಂದರು ಇವರು.

“ಯಾವಾಗಿನ ಅಳತೆ?”

“ಹೋದ ವರ್ಷದ್ದು.”

“ಹೋದ ವರ್ಷ ಅವಳು ನನ್ನ ಭುಜದ ತನಕ ಇದ್ದಳು. ಈಗ ನನ್ನ ತಲೆ ಮೇಲಿಂದ ಕೈ ಚಾಚಿ ಕಪಾಟಿಂದ ಡಬ್ಬಿ ತೆಗೀತಾಳೆ.”

“ಬೆಳೆಯೋದಕ್ಕೂ ಒಂದು ಮಿತಿ ಬೇಡವಾ?”

ಆ ತಾಯಿ ಕೂಗಾಡಲಿಲ್ಲ. ಬಹಳ ದಣಿದಿದ್ದರು. “ನೋಡಿ, ನನ್ನ ಹಿಟ್ಟು ಅಚ್ಚಿನಿಂದ ಮೇಲಕ್ಕೆ ಉಬ್ಬಿದರೆ ನಾನು ಹಿಟ್ಟನ್ನ ಬೈಯಲ್ಲ. ದೊಡ್ಡ ಅಚ್ಚು ತಗೋತೀನಿ. ನನ್ನ ಮಗಳು ನನ್ನ ಮನೇಲೇ, ನನ್ನ ಒಲೆ ಪಕ್ಕದಲ್ಲೇ ಹಸಿದುಕೊಂಡು ಇದ್ದಳು, ನನಗೆ ಗೊತ್ತಾಗಲಿಲ್ಲ. ನಿನ್ನೆಯಿಂದ ನನಗೆ ಒಂದು ತುತ್ತು ಇಳಿದಿಲ್ಲ.”

ನನ್ನ ಯಜಮಾನರು ಕೆಟ್ಟವರಲ್ಲ. ಅವರಿಗೂ ಕಸಿವಿಸಿಯಾಯಿತು. ಆದರೆ ಕಸಿವಿಸಿಯಾದಾಗ ಕೆಲವರು ಸುಮ್ಮನಿರುತ್ತಾರೆ, ಕೆಲವರು ಉದಾಹರಣೆ ಕೊಡುತ್ತಾರೆ. ಇವರು ನನ್ನನ್ನು ತೋರಿಸಿ ಹೇಳಿದರು: “ಬೇಕಾದರೆ ನನ್ನ ಹೆಂಡತೀನ ನೋಡಿ. ಮದುವೆಗೆ ಮುಂಚೆ ತೆಗೆದ ಅಳತೆ. ಇವತ್ತಿಗೂ ಅದರಲ್ಲೇ ಹೊಲೀತೀನಿ. ಒಂದು ಎಳೆ ಬದಲಾಗಿಲ್ಲ.”

ಎಷ್ಟು ಹೆಮ್ಮೆಯಿಂದ ಹೇಳಿದರು ಗೊತ್ತೆ? ಇದನ್ನು ಅವರು ಎಷ್ಟೋ ಜನರಿಗೆ ಹೇಳಿದ್ದರು, ನಾನೂ ಪಕ್ಕದಲ್ಲಿ ನಿಂತು ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ. ಬ್ರೆಡ್ಡಿನ ವಾಸನೆ ಬಂತು. ನನ್ನ ಬಾಯಿಂದ ನನಗೇ ತಿಳಿಯದ ಹಾಗೆ ಒಂದು ಮಾತು ಬಂತು.

“ನನಗೆ ಹಸಿವಾಗಿದೆ” ಅಂದೆ.

“ಈಗಾ?” ಅಂದರು ಇವರು.

“ಈಗಲೂ, ಮುಂಚಿನಿಂದಲೂ.”

ಗುಡುಗಿನ ತಾಯಿ ನನ್ನ ಮುಖ ನೋಡಿದರು. ಕಂಕುಳಿನ ಬ್ರೆಡ್ಡು ತೆಗೆದು, ಮುರಿದು, ಕೈಗೆ ಕೊಟ್ಟರು. ನಾನು ತಿಂದೆ. ನಿಂತೇ ತಿಂದೆ. ಬೆಣ್ಣೆಯಿಲ್ಲ, ಜಾಮಿಲ್ಲ, ಮರ್ಯಾದೆಯೂ ಇಲ್ಲ. ಅರ್ಧ ಮುಗಿಯಿತು, ಮಿಕ್ಕರ್ಧವನ್ನು ಆ ತಾಯಿಗೆ ಕೊಟ್ಟೆ, ಅವರೂ ತಿಂದರು. ಇಬ್ಬರು ಹೆಂಗಸರು ದರ್ಜಿ ಅಂಗಡಿಯಲ್ಲಿ ನಿಂತು, ಯಾರದೋ ಬ್ರೆಡ್ಡನ್ನು ತಿಂದು ಮುಗಿಸಿದೆವು. ಕೊನೆಯ ತುತ್ತಿಗೆ ನನ್ನ ಅಂಗಿಯ ಗುಂಡಿ ಹಾರಿ ಇವರ ಚಹಾದೊಳಗೆ ಬಿತ್ತು.

ಇವರು ಕತ್ತರಿಯ ತುದಿಯಿಂದ ಗುಂಡಿಯನ್ನು ಮೇಲೆತ್ತಿದರು. ಬೆಳಕಿಗೆ ಹಿಡಿದು ನೋಡಿದರು. “ಇದಕ್ಕೆ ನಾನು ದಾರ ಎರಡು ಸಲ ಸುತ್ತಿದ್ದೆ” ಅಂದರು. ಆಮೇಲೆ, “ನೀನು ಯಾಕೆ ಹೇಳಲಿಲ್ಲ?” ಅಂದರು.

“ನೀವು ಎಲ್ಲರಿಗೂ ಅಷ್ಟು ಸಂತೋಷವಾಗಿ ಹೇಳ್ತಿದ್ರಿ” ಅಂದೆ.

ಅವರು ಗೂಟದಿಂದ ಟೇಪು ತೆಗೆದುಕೊಂಡರು. ನನ್ನ ಸುತ್ತ ಸುತ್ತಿದರು. ನಾನು ಅಭ್ಯಾಸದಂತೆ ಉಸಿರು ಬಿಟ್ಟೆ.

“ಬಿಡಬೇಡ” ಅಂದರು. “ತಗೋ. ತುತ್ತೂರಿ ಊದೋವಾಗ ತಗೋತೀಯಲ್ಲ, ಅಷ್ಟು ತಗೋ.”

ಕ್ಷಮಿಸಿ. ಸ್ವಲ್ಪ ನೀರು ಕುಡಿಯುತ್ತೇನೆ.

ಮರುದಿನ ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ಶಾಲೆಗೆ ಬಂದು, ಬ್ಯಾಂಡ್ ಕೋಣೆಯಲ್ಲಿ ಸ್ಟೂಲು ಹಾಕಿ ಕುಳಿತರು. ಒಬ್ಬೊಬ್ಬಳಿಗೂ “ಉಸಿರು ತಗೊಳಮ್ಮ” ಎಂದು ಅಳತೆ ತೆಗೆದರು. “ನಿಮ್ಮದೇನೂ ಹೆಚ್ಚುಕಡಿಮೆ ಇಲ್ಲ. ನಾನು ಹೋದ ವರ್ಷದವರಿಗೆ ಹೊಲಿದಿದ್ದೆ” ಎಂದರು. ಎಲ್ಲ ಕೋಟುಗಳನ್ನೂ ಬಿಚ್ಚಿ ಮತ್ತೆ ಹೊಲಿದರು. ಒಳಗೆ ಎರಡೂ ಕಡೆ ಬಟ್ಟೆ ಮಡಚಿ ಬಿಟ್ಟಿದ್ದಾರೆ, ಬೆಳೆದ ಹಾಗೆಲ್ಲ ಬಿಚ್ಚಿಕೊಡುತ್ತಾರಂತೆ.

ಬ್ಯಾಂಡಿಗೆ ಈಗ ಒಂದು ಹೊಸ ನಿಯಮ ಬಂದಿದೆ. ತಿನ್ನದೆ ಬಂದವರಿಗೆ ವಾದ್ಯ ಇಲ್ಲ. ಬೆಳಗ್ಗೆ ಎಲ್ಲರೂ ಬ್ಯಾಂಡ್ ಕೋಣೆಯಲ್ಲೇ ಕೂತು ತಿನ್ನುತ್ತೇವೆ, ನಾನೂ ಸೇರಿ. ಬೇಕರಿಯಿಂದ ಬ್ರೆಡ್ಡು ಬರುತ್ತದೆ, ಒಬ್ಬೊಬ್ಬರ ಮನೆಯಿಂದ ಮೊಟ್ಟೆ, ಕಾಳು, ಸೊಪ್ಪು, ಹಣ್ಣು. ಚಹಾ ಆಮೇಲೆ, ಊಟದ ಜೊತೆಯಲ್ಲೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲವಂತೆ, ಈ ಪುಟದಲ್ಲೇ ಇದೆ. ನೋಡಿದಿರಾ, ಓದಿದ್ದೇನೆ. ಬೆಕ್ಕಿಗೆ ಮಾತ್ರ ಇದು ಇಷ್ಟವಾಗಲಿಲ್ಲ. ಅದು ಈಗ ಸರಳಿನ ಸಂದಿಯಲ್ಲಿ ಸಲೀಸಾಗಿ ಹೋಗಿಬರುತ್ತದೆ, ನಮ್ಮ ಯಾರ ಮುಖವನ್ನೂ ನೋಡುವುದಿಲ್ಲ.

ಇಷ್ಟು ಹೇಳಿ, ಎಲ್ಲ ಸರಿಹೋಯಿತು ಎಂದು ನಿಮ್ಮನ್ನು ಮನೆಗೆ ಕಳಿಸಬಹುದಿತ್ತು. ಸರಿಹೋಗಲು ತುಂಬ ದಿನ ಬೇಕಾಯಿತು. ಕೋಟು ಬಿಚ್ಚಿದಷ್ಟು ಸುಲಭವಾಗಿ ಮನಸ್ಸಿನ ಹೊಲಿಗೆ ಬಿಚ್ಚುವುದಿಲ್ಲ. ಗುಡುಗು ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಂಡಳು. ಕೆಲವು ದಿನ ಬ್ರೆಡ್ಡನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಬೈದರೆ ಆಗಲಿಲ್ಲ, ಬೇಡಿದರೆ ಆಗಲಿಲ್ಲ. ಕೊನೆಗೆ ನಾನು ಒಂದು ಕೆಲಸ ಮಾಡಿದೆ. ಅವಳ ಪಕ್ಕ ಕೂತು, ನನ್ನದನ್ನೂ ಕೈಯಲ್ಲಿ ಹಿಡಿದುಕೊಂಡು, “ನನಗೂ ಕಷ್ಟ ಆಗುತ್ತೆ” ಅಂದೆ. ಅವಳು ನನ್ನ ಕಡೆ ನೋಡಿ, “ಒಟ್ಟಿಗೆ ಶುರುಮಾಡೋಣ ಮೇಡಂ” ಅಂದಳು. ಯಾರು ಯಾರಿಗೆ ತಿನ್ನಿಸಿದರು ಎಂದು ನೀವೇ ಹೇಳಿ.

ತಾಯಂದಿರೇ, ಈ ಸಂಜೆ ನಿಮ್ಮ ಮಗಳನ್ನು ತಿಂದ್ಯಾ ಎಂದು ಕೇಳಬೇಡಿ, ಅದಕ್ಕೆ ಉತ್ತರ ‘ಆಯ್ತು’ ಎಂದೇ ಬರುತ್ತದೆ. ಪಕ್ಕದಲ್ಲಿ ಕೂತು ತಿನ್ನಿ. ನೀವು ನಿಂತುಕೊಂಡೇ, ಎಲ್ಲರದೂ ಆದ ಮೇಲೆ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಿನ್ನುವುದನ್ನು ಅವಳು ನೋಡುತ್ತಿರುತ್ತಾಳೆ. ತಂದೆಯಂದಿರೇ, ಹುಡುಗಿ ಸಣ್ಣಗಿದ್ದಾಳೋ ದಪ್ಪಗಿದ್ದಾಳೋ ಎಂಬ ನಿಮ್ಮ ಅಭಿಪ್ರಾಯವನ್ನು ದಯವಿಟ್ಟು ನಿಮ್ಮಲ್ಲೇ ಇಟ್ಟುಕೊಳ್ಳಿ, ಬೇಕಾದರೆ ನಮ್ಮ ಬೆಕ್ಕಿಗೆ ಹೇಳಿ.

ಕಳೆದ ವಾರದ ಒಂದು ಮಾತು ಹೇಳಿ ಮುಗಿಸುತ್ತೇನೆ. ನಾನು ಅಂಗಡಿಯಲ್ಲಿದ್ದೆ. ಗುಡುಗು ಬಂದಳು. ಬಾಗಿಲಿಗೆ ತಲೆ ತಾಗದಂತೆ ಸ್ವಲ್ಪ ಬಗ್ಗಿ ಒಳಗೆ ಬರಬೇಕಾಯಿತು, ಅಷ್ಟು ಎತ್ತರವಾಗಿದ್ದಾಳೆ. ಕೋಟನ್ನು ಮೇಜಿನ ಮೇಲಿಟ್ಟು, ನನ್ನ ಯಜಮಾನರ ಕಣ್ಣಿಗೆ ಕಣ್ಣಿಟ್ಟು, ಬಹಳ ಸಹಜವಾಗಿ, ಮಳೆ ಬರ್ತಿದೆ ಎಂದು ಹೇಳುವ ಹಾಗೆ ಹೇಳಿದಳು: “ಕೋಟು ಮತ್ತೆ ಚಿಕ್ಕದಾಗಿದೆ ಅಂಕಲ್.”

ಇವರು ಕತ್ತರಿ ಕೆಳಗಿಟ್ಟರು. “ಆಗಲಿ ಮಗಳೇ, ಆಗ್ತಾನೇ ಇರಲಿ” ಎಂದು ಕೋಟನ್ನು ಎತ್ತಿಕೊಂಡರು.

ಹೇಳಬೇಕಾದ್ದಕ್ಕಿಂತ ಹೆಚ್ಚು ಹೇಳಿದ್ದೇನೆ ಎಂದು ಐದನೇ ಸಾಲಿನಿಂದ ಸನ್ನೆ ಬರುತ್ತಿದೆ. ಮಾತಾಡಲು ಬಿಟ್ಟ ಅಧ್ಯಕ್ಷರಿಗೆ, ಗಂಟೆ ಬಾರಿಸದೆ ಇದ್ದ ಮುಖ್ಯೋಪಾಧ್ಯಾಯಿನಿಯವರಿಗೆ, ಬಾಗಿಲ ಹತ್ತಿರ ಕೂತರೂ ಎದ್ದುಹೋಗದ ತಂದೆಯಂದಿರಿಗೆ, ಕಂಬದ ಮರೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡ ನನ್ನವರಿಗೆ ನಾನು ಋಣಿ. ಪಕ್ಕದ ಕೋಣೆಯಲ್ಲಿ ಊಟ ಬಡಿಸಿದ್ದಾರೆ. ಬ್ಯಾಂಡು ಬಾರಿಸುವುದು ಊಟವಾದ ಮೇಲೆ. ಮೊದಲು ಹುಡುಗಿಯರು ಹೋಗಲಿ, ಅವರ ಹಿಂದೆ ನಾನು ನಿಲ್ಲುತ್ತೇನೆ, ನನ್ನ ಹಿಂದೆ ನೀವೆಲ್ಲ ಬನ್ನಿ.

ನಮಸ್ಕಾರ.